ಇಂದ್ರಾಣಿ ಮುನ್ನೂರು ಸಲ ಒತ್ತಿ ನೋಡುತ್ತಾರೆ

ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಅರೆಕೆರೆಯ ಈ ಓಣಿಗೆ ಹಾಲಿನ ಗಾಡಿ ಬಂದಿಲ್ಲ. ನೆಲಮಹಡಿಯ ಮನೆಯಲ್ಲಿ, ಅಡುಗೆಕೋಣೆಗೂ ಹಿತ್ತಲ ಬಾಗಿಲಿಗೂ ನಡುವೆ ಉಳಿದಿರುವ ನಾಲ್ಕಡಿ ಜಾಗದಲ್ಲಿ, ಇಂದ್ರಾಣಿ ಸ್ಟೂಲಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಒಂದೇ ತಂತಿ ಉಳಿದಿರುವ ಹಳೆಯ ಎಲೆಕ್ಟ್ರಿಕ್ ಗಿಟಾರ್. ಪಾದದ ಬಳಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪೆಡಲ್. ಎದುರು ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ದಪ್ಪ ಸದ್ದಿನ ಗಡಿಯಾರ. ಅದು ಟಿಕ್ ಅಂದಾಗಲೆಲ್ಲ ಇಂದ್ರಾಣಿ ಮುಂಗಾಲಿನಿಂದ ಪೆಡಲಿನ ಸ್ವಿಚ್ಚು ಒತ್ತುತ್ತಾರೆ. ನಾಲ್ಕು ಸಲ ಒತ್ತಿ ತಂತಿಯನ್ನೊಮ್ಮೆ ಮೀಟುತ್ತಾರೆ. ಸಣ್ಣ ಸ್ಪೀಕರಿನಿಂದ ಆ ಸದ್ದು ಮರಳಿ ಮರಳಿ ಬರುತ್ತದೆ. ಒಂದೊಂದೂ ಸರಿಯಾಗಿ ಗಡಿಯಾರದ ಟಿಕ್ಕಿನ ಮೇಲೇ ಬಂದು ಕೂರುತ್ತದೆ.

"ಐದೂವರೆ ಆದ್ರೆ ಮುಗೀತು ಸಾರ್. ಬನ್ನೇರುಘಟ್ಟ ರೋಡ್ ಎದ್ಬಿಡುತ್ತೆ. ಆಮೇಲೆ ಗಡಿಯಾರ ಎಲ್ಲಿ ಕೇಳ್ಸುತ್ತೆ?" ಎನ್ನುತ್ತಾರೆ.

ಮೊಬೈಲಿನಲ್ಲಿ ತಾಳ ಹಾಕುವ ಆ್ಯಪ್ ಇದೆಯಲ್ಲ ಎಂದು ಕೇಳಿದರೆ ನಗುತ್ತಾರೆ. "ಮೊಬೈಲು ಮಧ್ಯ ಮಧ್ಯ ಕುಂಯ್ ಅನ್ನುತ್ತೆ. ಗಡಿಯಾರಕ್ಕೆ ಯಾರೂ ಮೆಸೇಜ್ ಹಾಕಲ್ಲ."

ಗಿಟಾರ್ ಗೊತ್ತಿಲ್ಲದವರಿಗೆ ಒಂದು ಮಾತು. ನುಡಿಸಿದ ಸ್ವರವನ್ನು ಪ್ರತಿಧ್ವನಿಯಾಗಿ ವಾಪಸು ಕೊಡುವ ಪೆಡಲುಗಳಿವೆ. ಆ ಪ್ರತಿಧ್ವನಿ ಹಾಡಿನ ವೇಗಕ್ಕೆ ಹೊಂದಬೇಕು, ಇಲ್ಲದಿದ್ದರೆ ಹಾಡು ಚಿಂದಿಯಾಗುತ್ತದೆ. ವೇಗ ಎಷ್ಟು ಎಂದು ಪೆಡಲಿಗೆ ತಿಳಿಸುವುದು ಕಾಲಿನಿಂದ. ಹಾಡಿನ ತಾಳಕ್ಕೆ ಸರಿಯಾಗಿ ಸ್ವಿಚ್ಚನ್ನು ಒತ್ತಿದರೆ, ಒಂದು ಒತ್ತಿಗೂ ಮುಂದಿನ ಒತ್ತಿಗೂ ನಡುವಿನ ಸಮಯವನ್ನು ಅದು ಅಳೆದುಕೊಳ್ಳುತ್ತದೆ. ವಾದ್ಯಗಾರರು ಇದಕ್ಕೆ ಟ್ಯಾಪ್ ಟೆಂಪೋ ಅನ್ನುತ್ತಾರೆ. ಸ್ವಿಚ್ಚು ಸವೆದಿದ್ದರೆ ಒಂದು ಒತ್ತು ಎರಡಾಗಿ ಕೇಳಿಸಿ ಪೆಡಲ್ ಹುಚ್ಚು ಹಿಡಿದಂತೆ ಓಡುತ್ತದೆ. ಆ ಸ್ವಿಚ್ಚುಗಳನ್ನು ಬದಲಿಸಿ, ಬೆಸುಗೆ ಹಾಕಿ, ಸರಿ ಇದೆ ಎಂದು ಖಾತ್ರಿ ಮಾಡಿ ಕೊಡುವುದು ಐವತ್ತೊಂದು ವರ್ಷದ ಇಂದ್ರಾಣಿಯ ಕೆಲಸ. ಜಯನಗರ, ಜೆ.ಪಿ. ನಗರ, ಬನಶಂಕರಿಯ ಎಷ್ಟೋ ವೇದಿಕೆಗಳಲ್ಲಿ ಗಿಟಾರ್ ಸರಿಯಾಗಿ ಕೇಳಿಸಿದ್ದರೆ ಅದರಲ್ಲಿ ಈಕೆಯ ಪಾಲಿದೆ. ಒಂದು ವೇದಿಕೆಯಲ್ಲೂ ಈಕೆಯ ಹೆಸರು ಯಾರೂ ಹೇಳಿಲ್ಲ.

ಒಂದು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹೇಳಿದ್ದಾರೆ. ಹೇಳಿದವನು ನಾನೇ. ಆ ಒಂದು ಮಾತಿನಿಂದ ಈಕೆಯ ಕೆಲಸ ಮುಕ್ಕಾಲು ಪಾಲು ಹೋಯಿತು. ಈಗ ಅದೇ ಕೈಯಲ್ಲಿ ಪೆನ್ನು ಹಿಡಿದು ಈಕೆಯ ಎದುರು ಕೂತಿದ್ದೇನೆ, ಈಕೆಗೆ ನಾನು ಯಾರೆಂದು ಗೊತ್ತಿಲ್ಲ. ಓದುಗರೇ, ಈ ಅಂಕಣದಲ್ಲಿ ಹನ್ನೆರಡು ವರ್ಷದಿಂದ ಯಾರ್‍ಯಾರದೋ ಪ್ರಾಮಾಣಿಕತೆಯನ್ನು ಕೊಂಡಾಡಿದವನು ನಾನು. ನಾಚಿಕೆಯಾಗುತ್ತದೆ.

ಮೊದಲು ಈಕೆಯ ವಿಷಯ ಹೇಳುತ್ತೇನೆ, ನನ್ನ ಪುರಾಣ ಆಮೇಲೆ.

ಇಂದ್ರಾಣಿ ಹುಟ್ಟಿದ್ದು ಇದೇ ಅರೆಕೆರೆಯಲ್ಲಿ, ಇದಿನ್ನೂ ಹಳ್ಳಿಯಾಗಿದ್ದಾಗ. ತಂದೆ ಯಲ್ಲಯ್ಯ ಗಾರೆ ಕೆಲಸದವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಇಪ್ಪತ್ತನೇ ವಯಸ್ಸಿಗೆ ಬನ್ನೇರುಘಟ್ಟ ರಸ್ತೆಯ ಒಂದು ಸ್ವಿಚ್ ಕಾರ್ಖಾನೆ ಸೇರಿದರು. ತಯಾರಾಗಿ ಬಂದ ಸ್ವಿಚ್ಚನ್ನು ಒತ್ತಿ ನೋಡುವುದು, ಸರಿಯಿದ್ದರೆ ಬಲಕ್ಕೆ, ಕೆಟ್ಟಿದ್ದರೆ ಎಡಕ್ಕೆ ಹಾಕುವುದು. ದಿನಕ್ಕೆ ಸಾವಿರದ ಎಂಟುನೂರು. ಹೀಗೆ ಇಪ್ಪತ್ತೆರಡು ವರ್ಷ. "ಹೆಬ್ಬೆಟ್ಟಿನ ಗುರುತು ಸವೆದ್ಹೋಗಿದೆ ಸಾರ್. ರೇಷನ್ ಅಂಗಡೀಲಿ ಮೆಷಿನ್ನು ನನ್ನ ಬೆರಳು ತಗೊಳ್ಳೋದೇ ಇಲ್ಲ," ಎಂದು ಬೆರಳು ತೋರಿಸುತ್ತಾರೆ.

ಒಂಬತ್ತು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಗಂಡ ಯುವರಾಜ್ ಶಾಲೆಯ ವ್ಯಾನ್ ಓಡಿಸುತ್ತಾರೆ, ಅದೊಂದರಲ್ಲಿ ಸಂಸಾರ ಕುಂಟುತ್ತಿತ್ತು. ಆಗ ಮೇಲಿನ ಮನೆಗೆ ಬಾಡಿಗೆಗೆ ಬಂದವರು ಶಿವಕಿರಣ್, ಬ್ಯಾಂಕಿನಲ್ಲಿ ಕೆಲಸ, ಸಂಜೆಯಾದರೆ ಗಿಟಾರ್. ಅವರ ಪೆಡಲ್ ಕೆಟ್ಟಿತ್ತು. ಎರಡು ಅಂಗಡಿಯವರು ಹೊಸದು ತಗೊಳ್ಳಿ ಎಂದು ಕಳಿಸಿದ್ದರು. ಮೆಟ್ಟಿಲ ಮೇಲೆ ಕೂತು ಅದನ್ನು ಕುಟ್ಟುತ್ತಿದ್ದವರ ಕೈಯಿಂದ ಇಂದ್ರಾಣಿ ಪೆಡಲನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಎರಡು ಸಲ ಒತ್ತಿದರು. "ಇದು ಬರೀ ಸ್ವಿಚ್ಚಲ್ವಾ? ಒಳಗೆ ಎರಡೆರಡು ಸಲ ತಾಗ್ತಿದೆ," ಎಂದರು. ಹಾಗೆ ಶುರುವಾಯಿತು. ಶಿವಕಿರಣ್ ನಾಲ್ಕು ಜನಕ್ಕೆ ಹೇಳಿದರು, ಆ ನಾಲ್ವರು ನಲವತ್ತು ಜನಕ್ಕೆ. ತಿಂಗಳಿಗೆ ನಲವತ್ತೈದು ಪೆಡಲ್ ಬರತೊಡಗಿದವು.

ಈಕೆಗೆ ಗಿಟಾರ್ ಬಾರದು. ಆದರೆ ಒತ್ತುವುದು ಹೇಗೆ ಎಂದು ಗಿಟಾರಿಗರಿಗೇ ಪಾಠ ಮಾಡುತ್ತಾರೆ. "ಅರ್ಧ ಜನಕ್ಕೆ ಸ್ವಿಚ್ ಕೆಟ್ಟಿರಲ್ಲ ಸಾರ್, ಕಾಲು ಕೆಟ್ಟಿರುತ್ತೆ. ಇಡೀ ಕಾಲೆತ್ತಿ ಧಪ್ ಅಂತ ಒದೀತಾರೆ. ಕಾಲು ಕೆಳಗೆ ಬರೋಷ್ಟ್ರಲ್ಲಿ ತಾಳ ಮುಂದೆ ಹೋಗಿರುತ್ತೆ. ಹಿಮ್ಮಡಿ ನೆಲದ ಮೇಲೇ ಇರ್ಲಿ, ಮುಂಗಾಲಲ್ಲಿ ಒತ್ತಿ. ಎರಡೇ ಸಲ ಒತ್ತಿ ಬಿಡ್ಬೇಡಿ, ನಾಲ್ಕು ಒತ್ತಿ. ಮೊದಲನೇದು ಹೆಚ್ಚು ಕಮ್ಮಿ ಆಗಿದ್ರೆ ಮಿಕ್ಕಿದ್ದು ಸರಿ ಮಾಡುತ್ತೆ. ಕಾಲು ನೋಡ್ಬೇಡಿ, ಡ್ರಮ್ಮಿನೋರ ಕೈ ನೋಡಿ. ಮನೇಲಿ ಬರಿಗಾಲು, ಸ್ಟೇಜ್ ಮೇಲೆ ದಪ್ಪ ಬೂಟು ಅಂದ್ರೆ ಹೆಂಗಾಗುತ್ತೆ? ಯಾವುದ್ರಲ್ಲಿ ಬಾರಿಸ್ತೀರೋ ಅದೇ ಹಾಕ್ಕೊಂಡು ಕಲೀರಿ."

ಹದಿನೈದು ವರ್ಷದಿಂದ ಗಿಟಾರ್ ಹಿಡಿದಿರುವ ನಾನು ಇದನ್ನೆಲ್ಲ ಬರೆದುಕೊಂಡೆ. ನಾನೂ ಧಪ್ ಎಂದು ಒದೆಯುವವನೇ.

ಈಗ ತಿಂಗಳಿಗೆ ಐದೋ ಆರೋ ಪೆಡಲ್ ಬರುತ್ತವೆ. ಬೆಳಗಿನ ಕೆಲಸ ಮುಗಿಸಿ ಆರೂವರೆಯ ಬಸ್ಸಿಗೆ ಬಿ.ಟಿ.ಎಂ. ಲೇಔಟಿಗೆ ಹೋಗುತ್ತಾರೆ. ಅಲ್ಲೊಂದು ಪಿ.ಜಿ.ಯಲ್ಲಿ ಅಡುಗೆ. ಎಪ್ಪತ್ತು ಜನಕ್ಕೆ ತಿಂಡಿ, ಮಧ್ಯಾಹ್ನಕ್ಕೆ ಇನ್ನೂರ ಹತ್ತು ಚಪಾತಿ. ಮೂರು ಗಂಟೆಗೆ ವಾಪಸು. ಈ ದಿನ ಭಾನುವಾರ, ಎಂಟಕ್ಕೆ ಹೋದರೆ ಸಾಕು. ಅದಕ್ಕೇ ನನ್ನನ್ನು ಈ ದಿನ ಕರೆದಿದ್ದಾರೆ.

ಕೆಲಸ ಯಾಕೆ ಕಡಿಮೆಯಾಯಿತು ಎಂದು ಕೇಳಲೇಬೇಕಾಯಿತು. ಅಂಕಣಕಾರ ಕೇಳುವ ಪ್ರಶ್ನೆ ಅದು. ಉತ್ತರ ಗೊತ್ತಿದ್ದೂ ಕೇಳಿದೆ, ಅಷ್ಟು ಲಜ್ಜೆಗೆಟ್ಟವನು ನಾನು.

ಇಂದ್ರಾಣಿ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟರು. "ನನ್ನ ಕೈಯಿಂದ ಒಂದು ತಪ್ಪಾಯ್ತು ಸಾರ್. ಎರಡು ವರ್ಷ ಆಯ್ತು. ಎಕೋ ರಾಜ ಅಂತ ಯಾರೋ, ಅವರ ಪೆಡಲ್‌ಗೆ ನಾನೇ ಸ್ವಿಚ್ ಹಾಕಿದ್ದೆ. ಬೈಕ್ ಹುಡುಗನ ಕೈಲಿ ಕಳ್ಸಿದ್ರು, ಮುಖ ನೋಡಿಲ್ಲ. ಮದುವೆ ರಿಸೆಪ್ಷನ್ನಲ್ಲಿ ಅದು ಕೈ ಕೊಡ್ತಂತೆ. ಹಾಡು ನಿಂತೇಹೋಯ್ತಂತೆ. ಅಷ್ಟು ಜನದ ಮುಂದೆ ಅವಮಾನ ಆಗಿದೆ, ಪಾಪ, ಸಿಟ್ಟು ಬರಲ್ವಾ? ವಾಟ್ಸಾಪ್ ಗುಂಪಲ್ಲಿ ಬರೆದ್ರು. ಶಿವಕಿರಣ್ ತೋರಿಸಿದ್ರು."

ಪಾಪ ಎಂದರು. ನನಗೆ.

"ಏನು ತಪ್ಪಾಯ್ತು ಅಂತ ಈಗ್ಲೂ ಗೊತ್ತಾಗಿಲ್ಲ. ಆ ವಾರ ಕೊಟ್ಟಿದ್ದ ಹನ್ನೊಂದು ಪೆಡಲ್ ವಾಪಸ್ ತರಿಸ್ಕೊಂಡು ಎಲ್ಲಾ ಸ್ವಿಚ್ಚೂ ಕಿತ್ತು ನೋಡ್ದೆ. ಒಂದೂ ಕೆಟ್ಟಿರ್ಲಿಲ್ಲ. ಆದ್ರೂ ಹೊಸದು ಹಾಕಿ ಕೊಟ್ಟೆ. ಅವರಿಗೂ ಮೆಸೇಜ್ ಮಾಡ್ದೆ, ಸಾರ್ ಒಂದ್ಸಲ ತಂದುಕೊಡಿ, ನೋಡ್ತೀನಿ ಅಂತ. ಉತ್ತರ ಬರ್ಲಿಲ್ಲ. ಮೊದ್ಲೆಲ್ಲ ಒಂದು ಸ್ವಿಚ್ಚು ಐವತ್ತು ಸಲ ಒತ್ತಿ ಕೊಡ್ತಿದ್ದೆ. ಈಗ ಮುನ್ನೂರು ಸಲ. ಒತ್ತಿದ್ರೂ ಧೈರ್ಯ ಬರಲ್ಲ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೀನಿ, ನನ್ನ ಬೆರಳೇ ನನಗೆ ಸುಳ್ಳು ಹೇಳ್ತಲ್ಲ ಅಂತ."

ಒಳಗಿನಿಂದ ಯುವರಾಜ್ ಕಾಫಿ ತಂದರು. "ಇವಳಿಗೆ ಇದೊಂದು ಹುಚ್ಚು ಹಿಡಿದಿದೆ ಸಾರ್. ಬಿಟ್ಹಾಕೇ ಅಂದ್ರೆ ಕೇಳಲ್ಲ. ನಾನು ಅವತ್ತೇ ಹೇಳ್ದೆ, ಕುಣಿಯಲಾರದೋಳಿಗೆ ನೆಲ ಡೊಂಕು ಅಂತ. ಅವನಿಗೆ ಬಾರ್ಸೋಕೆ ಬಂದಿರಲ್ಲ."

"ಸುಮ್ನಿರಿ, ಗೊತ್ತಿಲ್ದೇ ಮಾತಾಡ್ಬೇಡಿ," ಎಂದು ಇಂದ್ರಾಣಿ ಗಂಡನನ್ನು ಗದರಿದರು. ಅಂದರೆ ನನ್ನ ಪರ ವಹಿಸಿಕೊಂಡರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಕಾಫಿ ಲೋಟ ಕೆಳಗಿಟ್ಟೆ.

ಯುವರಾಜ್ ಹೇಳಿದ್ದು ಅಕ್ಷರಶಃ ನಿಜ. ಆ ಗುಂಪಿನಲ್ಲಿ ನನ್ನ ಹೆಸರು ಎಕೋ ರಾಜ. ವಾರದ ದಿನ ಪತ್ರಿಕೆ, ರಜಾದಿನ ಮದುವೆಮನೆಗಳಲ್ಲಿ ಗಿಟಾರ್. ಎರಡು ವರ್ಷದ ಹಿಂದೆ ಬನಶಂಕರಿಯ ಛತ್ರವೊಂದರಲ್ಲಿ ರಿಸೆಪ್ಷನ್ ಇತ್ತು. ಹಿಂದಿನ ವಾರವಷ್ಟೇ ಇಂದ್ರಾಣಿ ನನ್ನ ಪೆಡಲಿಗೆ ಹೊಸ ಸ್ವಿಚ್ ಹಾಕಿ ಕಳಿಸಿದ್ದರು. ಸಂಜೆ ಪರೀಕ್ಷಿಸಿದಾಗ ಚೆನ್ನಾಗಿಯೇ ಇತ್ತು. ಆದರೆ ನನಗೊಂದು ಶೋಕಿ. ಆನ್‌ಲೈನಿನಲ್ಲಿ ತರಿಸಿದ್ದ ಇನ್ನೊಂದು ಕಾಲೊತ್ತಿನ ಸ್ವಿಚ್ಚು ಆ ದಿನವೇ ಬಂದಿತ್ತು, ಕೆಂಪು ದೀಪದ್ದು, ಪೆಡಲಿಗೆ ವೈರಿನಲ್ಲಿ ಸಿಕ್ಕಿಸಿ ದೂರದಿಂದಲೇ ಒತ್ತಬಹುದು. ವೇದಿಕೆ ಹತ್ತುವ ಐದು ನಿಮಿಷ ಮುಂಚೆ ಸಿಕ್ಕಿಸಿದೆ. ಮೊದಲ ಹಾಡಿಗೆ ಒತ್ತಿದೆ. ಪ್ರತಿಧ್ವನಿ ಅರ್ಧ ವೇಗದಲ್ಲಿ ಬಂತು. ಮತ್ತೆ ಒತ್ತಿದೆ, ಮತ್ತೆ ಅರ್ಧ. ಹಾಡುತ್ತಿದ್ದ ಹುಡುಗಿ ತಬ್ಬಿಬ್ಬಾಗಿ ನಿಂತಳು. ಊಟದ ಸಾಲಿನವರು ತಿರುಗಿ ನೋಡಿ ನಕ್ಕರು.

ಹೊಸ ಸ್ವಿಚ್ಚಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಮನೆಗೆ ಬಂದವನೇ ನಾನೂರ ಹನ್ನೆರಡು ವಾದ್ಯಗಾರರಿರುವ ಗುಂಪಿನಲ್ಲಿ ಬರೆದೆ. ಇದ್ದದ್ದು ಇದ್ದ ಹಾಗೆ ಇಲ್ಲಿ ಕೊಡುತ್ತೇನೆ: "ಅರೆಕೆರೆ ಆಂಟಿ ಹತ್ರ ಯಾರೂ ಪೆಡಲ್ ಕೊಡ್ಬೇಡ್ರಪ್ಪಾ. ಮದುವೆಮನೇಲಿ ನನ್ನ ಮಾನ ಹೋಯ್ತು. ಅಡುಗೆ ಮಾಡೋರು ಅಡುಗೆ ಮಾಡ್ಕೊಂಡಿರ್ಲಿ, ಎಲೆಕ್ಟ್ರಾನಿಕ್ಸ್ ಯಾಕೆ?" ತೊಂಬತ್ತು ಜನ ನಗುವ ಮುಖ ಹಾಕಿದರು. ಪೆಡಲ್ ತಂದುಕೊಡಿ ಎಂದು ಇಂದ್ರಾಣಿ ಕಳಿಸಿದ ಸಂದೇಶವನ್ನು ಓದಿ, ನಂಬರನ್ನು ಬ್ಲಾಕ್ ಮಾಡಿದೆ. ನಾನು ಬರೆದ ಹಾಗೇ ಆಯಿತು. ಈಕೆ ಈಗ ಎಪ್ಪತ್ತು ಜನಕ್ಕೆ ಅಡುಗೆ ಮಾಡುತ್ತಿದ್ದಾರೆ.

ಹತ್ತು ತಿಂಗಳ ನಂತರ ನಮ್ಮ ತಂಡದ ಕೀಬೋರ್ಡಿನ ಸುಮನ್ ಆ ಕೆಂಪು ದೀಪದ ಸ್ವಿಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿ, "ಗುರು, ಇದ್ರಲ್ಲಿ ಟ್ಯಾಪ್ ಮಾಡ್ತೀಯಾ? ಇದು ಲೈಟ್ ಸ್ವಿಚ್ ಥರದ್ದು ಮಗಾ. ಒಂದ್ಸಲ ಒತ್ತಿದ್ರೆ ಆನ್, ಇನ್ನೊಂದ್ಸಲಕ್ಕೆ ಆಫ್. ಪೆಡಲು ಎರಡರಲ್ಲಿ ಒಂದನ್ನೇ ಎಣಿಸೋದು. ಟ್ಯಾಪ್‌ಗೆ ಕಾಲೆತ್ತಿದ ತಕ್ಷಣ ತಾನೇ ಬಿಟ್ಕೊಳ್ಳೋಂಥದ್ದು ಬೇಕು, ಕಾಲಿಂಗ್ ಬೆಲ್ ಥರ," ಎಂದ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎಲ್ಲ ಆ ಕ್ಷಣದಲ್ಲೇ ಅರ್ಥವಾಯಿತು. ಇಂದ್ರಾಣಿ ಹಾಕಿದ ಸ್ವಿಚ್ಚನ್ನು ಆ ರಾತ್ರಿ ನಾನು ಮುಟ್ಟಿಯೇ ಇರಲಿಲ್ಲ.

ಅಲ್ಲಿಂದ ಹದಿನಾಲ್ಕು ತಿಂಗಳು ಸುಮ್ಮನಿದ್ದೆ. ಹೇಳಿದರೆ ನಾನೂರು ಜನ ನಗುತ್ತಾರೆ ಎಂಬ ಒಂದೇ ಭಯ. ಕಳೆದ ವಾರ ನನ್ನ ಸಹೋದ್ಯೋಗಿ ಮಧುಮತಿ ಈ ಅಂಕಣಕ್ಕೆ ಇಂದ್ರಾಣಿಯ ಹೆಸರು ಸೂಚಿಸಿದರು, ತಾವೇ ಫೋನ್ ಮಾಡಿ ದಿನ ಗೊತ್ತು ಮಾಡಿದರು. ಬೇಡ ಎನ್ನಬಹುದಿತ್ತು. ನಾನು ಬೇರೆಯೇ ಲೆಕ್ಕ ಹಾಕಿದೆ. ಪತ್ರಿಕೆಯಲ್ಲಿ ಅರ್ಧ ಪುಟ ಹೊಗಳಿಬಿಟ್ಟರೆ ಪಾಪ ತೊಳೆದುಹೋಗುತ್ತದೆ, ಬಾಯಿಬಿಟ್ಟು ಹೇಳುವ ಕಷ್ಟ ಇರುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಬುದ್ಧಿ.

ಆದರೆ ತಪ್ಪು ತಮ್ಮದೇ ಎಂದು ಈಕೆ ನಂಬಿಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಕೆಲಸ ಹೋಗಿದೆ ಎಂದಷ್ಟೇ ಗೊತ್ತಿತ್ತು. ಬೆರಳಿನ ಮೇಲಿನ ನಂಬಿಕೆಯೂ ಹೋಗಿದೆ, ಮತ್ತು ಅದನ್ನು ಯಾವ ಹೊಗಳಿಕೆಯೂ ವಾಪಸು ತರುವುದಿಲ್ಲ ಎಂದು ಆ ಸ್ಟೂಲಿನ ಎದುರು ಕೂತಾಗ ತಿಳಿಯಿತು.

"ಇಂದ್ರಾಣಿಯವರೇ, ಆ ಎಕೋ ರಾಜ ನಾನೇ," ಎಂದೆ.

ಎಲ್ಲವನ್ನೂ ಹೇಳಿದೆ. ಕೆಂಪು ದೀಪದ ಸ್ವಿಚ್ಚು, ಸುಮನ್ ಮಾತು, ಬ್ಲಾಕ್ ಮಾಡಿದ್ದು. ಮುಖ ನೋಡಿ ಹೇಳಲಾಗಲಿಲ್ಲ, ನೆಲ ನೋಡಿಕೊಂಡು ಹೇಳಿದೆ. ಯುವರಾಜ್ ಒಂದು ಹೆಜ್ಜೆ ಮುಂದೆ ಬಂದರು. ಇಂದ್ರಾಣಿ ಕೈ ಅಡ್ಡ ಹಿಡಿದು ತಡೆದರು.

"ಹದಿನಾಲ್ಕು ತಿಂಗಳಿಂದ ಗೊತ್ತಿತ್ತಾ ನಿಮಗೆ?" ಎಂದು ಕೇಳಿದರು.

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಹೌದು."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. "ಆ ಪೆಡಲ್ ಇದೆಯಾ? ಆ ಇನ್ನೊಂದು ಸ್ವಿಚ್ಚು? ತಗೊಂಡ್ಬನ್ನಿ. ಈಗ್ಲೇ," ಎಂದರಷ್ಟೇ.

ಸ್ಕೂಟರ್ ಹತ್ತಿ ಜಯನಗರದ ನಾಲ್ಕನೇ ಬ್ಲಾಕಿನ ಮನೆಗೆ ಹೋಗಿ ಎರಡನ್ನೂ ತಂದೆ. ವಾಪಸು ಬರುವಷ್ಟರಲ್ಲಿ ಆರೂ ಮುಕ್ಕಾಲಾಗಿತ್ತು, ರಸ್ತೆ ಎದ್ದಿತ್ತು. ಇಂದ್ರಾಣಿ ಕಿಟಕಿ ಬಾಗಿಲು ಮುಚ್ಚಿ, ಗಡಿಯಾರವನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಿದ್ದರು. ಮೊದಲು ಕೆಂಪು ದೀಪದ ಸ್ವಿಚ್ಚು ಸಿಕ್ಕಿಸಿ, ಟಿಕ್ಕಿಗೊಂದರಂತೆ ನಾಲ್ಕು ಸಲ ಒತ್ತಿ ತಂತಿ ಮೀಟಿದರು. ಪ್ರತಿಧ್ವನಿ ಎರಡು ಟಿಕ್ಕಿಗೊಮ್ಮೆ ಬಂತು. ಇನ್ನೊಮ್ಮೆ ಮಾಡಿದರು. ಮತ್ತೆ ಹಾಗೆಯೇ. ಅದನ್ನು ಕಿತ್ತಿಟ್ಟು, ತಾವು ಹಾಕಿದ್ದ ಸ್ವಿಚ್ಚನ್ನು ಒತ್ತಿದರು. ಟಿಕ್ಕಿಗೊಂದು, ಟಿಕ್ಕಿಗೊಂದು, ಕೂದಲಷ್ಟೂ ಹೆಚ್ಚುಕಡಿಮೆಯಿಲ್ಲ. ಪೆಡಲನ್ನು ಮಗುಚಿ, ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಬೆಸುಗೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅಲ್ಲಿರಬಾರದಿತ್ತು ಅನ್ನಿಸಿತು, ಆದರೆ ಎದ್ದು ಹೋಗುವ ಹಕ್ಕೂ ನನಗಿರಲಿಲ್ಲ.

ಪತ್ರಿಕೆಯಲ್ಲಿ ಎಲ್ಲವನ್ನೂ ಬರೆಯುತ್ತೇನೆ, ನಿಮ್ಮ ಫೋಟೋ ದೊಡ್ಡದಾಗಿ ಬರುತ್ತದೆ ಎಂದೆ.

"ಪೇಪರ್ರು ನಿಮ್ಮಿಷ್ಟ. ಅದನ್ನ ಯಾರು ಓದ್ತಾರೋ ನನಗೆ ಗೊತ್ತಿಲ್ಲ. ಎಲ್ಲಿ ಬೈದಿದ್ರೋ ಅಲ್ಲಿ ಬರೀರಿ, ಅದೇ ಗುಂಪಲ್ಲಿ. ನನ್ನ ಮುಂದೆ ಬರೀರಿ."

ಫೋನ್ ತೆಗೆದೆ. ಉದ್ದಕ್ಕೆ ಬರೆದೆ. ಕ್ಷಮೆಯಿರಲಿ, ಇಂದ್ರಾಣಿಯವರು ಅಪ್ರತಿಮ ಕುಶಲಕರ್ಮಿ, ನಮ್ಮ ನಗರದ ಹೆಮ್ಮೆ ಎಂದೆಲ್ಲ. ಅಭ್ಯಾಸಬಲ. ಓದಿ ಹೇಳಿ ಎಂದರು, ಓದಿದೆ. "ಇದೆಲ್ಲ ತೆಗೀರಿ ಸಾರ್. ಹೊಗಳಿದ್ರೆ ಕಾಸು ಕೊಟ್ಟು ಬರೆಸಿದ್ದು ಅಂತಾರೆ. ಇಂದ್ರಾಣಿ ಹಾಕಿದ ಸ್ವಿಚ್ಚು ಸರಿ ಇತ್ತು, ನಾನು ಬೇರೆ ಸ್ವಿಚ್ಚು ಹಾಕ್ಕೊಂಡು ತಪ್ಪು ಮಾಡ್ದೆ, ಗೊತ್ತಾದ ಮೇಲೂ ಹೇಳ್ಲಿಲ್ಲ. ಇಷ್ಟು ಬರೀರಿ. ಕೆಳಗೆ ರಾಜ ಗೀಜ ಬೇಡ, ನಿಮ್ಮ ಅಪ್ಪ ಅಮ್ಮ ಇಟ್ಟ ಹೆಸರು ಹಾಕಿ."

ಹಾಗೆಯೇ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಕಳಿಸಿದೆ.

ಮೊದಲ ಉತ್ತರ ಎರಡೇ ನಿಮಿಷದಲ್ಲಿ ಬಂತು, ಥೂ ನಿನ್ನ ಎಂದು. ಆಮೇಲೆ ಸಾಲಾಗಿ ಬಂದವು, ಎಲ್ಲ ನನಗೆ ಸಲ್ಲಬೇಕಾದವೇ. ಇಂದ್ರಾಣಿ ಅವನ್ನು ಓದಲು ಒಪ್ಪಲಿಲ್ಲ. ಪೆಡಲಿನ ಸ್ಕ್ರೂಗಳನ್ನು ಬಿಗಿದು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಪಿ.ಜಿ.ಗೆ ಹೊತ್ತಾಗಿತ್ತು, ಚಪ್ಪಲಿ ಮೆಟ್ಟಿದರು.

ಬಸ್‌ಸ್ಟಾಪಿನವರೆಗೆ ಬಿಡಲೇ ಎಂದು ಕೇಳಿದೆ. ಬೇಡ ಎಂದರು. "ನಿಮ್ಮ ಮೇಲೆ ಸಿಟ್ಟಿದೆ ಸಾರ್, ಸುಳ್ಳು ಯಾಕೆ ಹೇಳ್ಲಿ? ಅಡುಗೆ ಮಾಡೋದು ಕೀಳು ಕೆಲಸ ಅಲ್ಲ, ನೀವು ಅದನ್ನ ಬೈಗುಳ ಮಾಡಿದ್ರಿ. ಸಿಟ್ಟು ಯಾವಾಗ ಹೋಗುತ್ತೋ ಗೊತ್ತಿಲ್ಲ."

ಸರಿ ಎಂದೆ.

ಗೇಟಿನ ಹತ್ತಿರ ಹೋದವರು ನಿಂತರು. ನನ್ನ ಕಡೆ ತಿರುಗಲಿಲ್ಲ, ಗಂಡನ ಕಡೆ ತಿರುಗಿದರು. "ರೀ, ಈ ಒಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಹೋಗಿದ್ರಲ್ಲಿ ಒಂದೇ ಒಂದು ಕೆಟ್ಟಿತ್ತು ಅಂದ್ಕೊಂಡಿದ್ದೆ. ಅದೂ ಕೆಟ್ಟಿರ್ಲಿಲ್ಲ."